ಸಹಿ, ಪ್ರಿಂಟ್, ಹಳೆ ಪೋಸ್ಟರ್: ಕೊಳ್ಳುವ ಮುಂಚೆ, ಕೊಂಡ ಮೇಲೆ

ಸಂಗ್ರಹದ ಹುಚ್ಚು ಹಿಡಿದವರಿಗೆ ಬೇಡ ಅಂದರೆ ಕೇಳುವುದಿಲ್ಲ, ಅಲ್ವಾ? ಹಾಗಾಗಿ ಕೊಳ್ಳಿ, ಆದರೆ ಕಣ್ಣುಬಿಟ್ಟು ಕೊಳ್ಳಿ. ಇಲ್ಲಿ ಹೇಳುತ್ತಿರುವುದು ಕಾಗದದ ವಸ್ತುಗಳ ಬಗ್ಗೆ ಮಾತ್ರ.

ಮೊದಲು ಸಹಿ. ಮಾರುವವರು ತಕ್ಷಣ ಒಂದು ಸರ್ಟಿಫಿಕೇಟ್ ಮುಂದಿಡುತ್ತಾರೆ. ಅದನ್ನು ಪಕ್ಕಕ್ಕಿಡಿ. ಸಹಿಯನ್ನೇ ನಕಲು ಮಾಡುವವನಿಗೆ ಸರ್ಟಿಫಿಕೇಟ್ ಯಾವ ಲೆಕ್ಕ? 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಹೆಸರಲ್ಲಿ ನಕಲಿ ಸಹಿಗಳ ಜಾಲವೊಂದನ್ನು ಹಿಡಿದಾಗ ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ‘ಸಹಿ’ ಇದ್ದ ಬೇಸ್‌ಬಾಲ್ ಚೆಂಡೂ ಇತ್ತು! ಅವರು ಚೆಂಡಿಗೆ ಯಾಕೆ ಸಹಿ ಹಾಕಿಯಾರು ಅಂತ ಮೊದಲು ಕೇಳಿಕೊಳ್ಳಬೇಕು.

ಭೂತಗನ್ನಡಿ ತೆಗೆದುಕೊಳ್ಳಿ, ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದು ನೋಡಿ. ಅಭ್ಯಾಸದ ಕೈ ಸರಸರ ಓಡುತ್ತದೆ. ತಿರುವಿನಲ್ಲಿ ಶಾಯಿ ದಪ್ಪ, ಓಟದಲ್ಲಿ ತೆಳು, ಕೊನೆಯಲ್ಲಿ ಗೆರೆ ಚೂಪಾಗಿ ಎದ್ದುಹೋಗಿರುತ್ತದೆ. ನೋಡಿಕೊಂಡು ಬರೆದ ಸಹಿಯಲ್ಲಿ ಗೆರೆ ಸಣ್ಣಗೆ ನಡುಗಿರುತ್ತದೆ, ತುದಿಗಳು ಮೊಂಡಾಗಿರುತ್ತವೆ. ಅದೇ ಕಾಲದ ಅಸಲಿ ಸಹಿಗಳ ಜೊತೆ ಹೋಲಿಸಿ. ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಕೂತರೆ ಖುಷಿಪಡಬೇಡಿ. ಯಾರೂ ಎರಡು ಸಲ ಹಾಗೆ ಸಹಿ ಹಾಕುವುದಿಲ್ಲ, ಅದು ಆಟೋಪೆನ್ (ಸಹಿಯನ್ನು ಹಾಗೇ ನಕಲು ಮಾಡಿ ಬರೆಯುವ ಯಂತ್ರ) ಹಾಕಿದ್ದಿರಬಹುದು.

ಪ್ರಿಂಟ್ (ಕಲಾವಿದರು ಇಂತಿಷ್ಟೇ ಪ್ರತಿ ಅಂತ ಅಚ್ಚು ಹಾಕಿಸುವ ಚಿತ್ರ) ಆದರೆ ಕೆಳಗಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ 12/100 ಅಂತ ಬರೆದಿರುತ್ತಾರೆ, ಅಂದರೆ ನೂರು ಪ್ರತಿಗಳ ಆವೃತ್ತಿಯಲ್ಲಿ ಹನ್ನೆರಡನೆಯದು. ಚಿಕ್ಕ ನಂಬರಿಗೆ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ, ನಂಬರ್ ಹಾಕಿದ ಕ್ರಮದಲ್ಲೇ ಅಚ್ಚಾಗಿದೆ ಅನ್ನುವ ಖಾತ್ರಿ ಇರುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಚಿತ್ರ ಬಣ್ಣಬಣ್ಣದ ಚುಕ್ಕಿಗಳ ಸಾಲಾಗಿ ಒಡೆದರೆ ಅದು ಸಾಮಾನ್ಯವಾಗಿ ಆಫ್‌ಸೆಟ್‌ನಲ್ಲಿ (ಪತ್ರಿಕೆ, ಪೋಸ್ಟರ್ ಅಚ್ಚು ಹಾಕುವ ವಿಧಾನ) ಅಚ್ಚಾದ ನಕಲು. ಸಹಿ ಅಸಲಿಯೇ ಇರಬಹುದು, ಇಷ್ಟವಾದರೆ ಕೊಳ್ಳಿ, ಪೋಸ್ಟರ್ ಬೆಲೆಗೆ.

ಯಾರ ಹತ್ತಿರ ಇತ್ತು, ಯಾವಾಗ ಕೈ ಬದಲಾಯಿತು ಅಂತ ಕೇಳಿ. ಬಿಲ್, ಪತ್ರ, ಫ್ರೇಮ್ ಹಿಂದೆ ಅಂಟಿಸಿದ ಹಳೆ ಲೇಬಲ್ ಯಾವುದನ್ನೂ ಕಿತ್ತು ಬಿಸಾಡಬೇಡಿ. ಇಂಟರ್‌ಪೋಲ್‌ನ ಐಡಿ-ಆರ್ಟ್ ಆ್ಯಪ್‌ನಲ್ಲಿ ಕದ್ದ ಕಲಾಕೃತಿಗಳ ಪಟ್ಟಿಯನ್ನು ಹುಡುಕಬಹುದು, ನಿಮ್ಮ ವಸ್ತುಗಳ ಫೋಟೊ, ಅಳತೆ, ಗುರುತುಗಳನ್ನೂ ಬರೆದಿಟ್ಟುಕೊಳ್ಳಬಹುದು.

ಇನ್ನು ಕಾಪಾಡುವುದು. ದೊಡ್ಡ ಶತ್ರು ಬೆಳಕು, ಅದು ಮಾಡಿದ ಹಾನಿ ವಾಪಸ್ ಬರುವುದಿಲ್ಲ. ಮ್ಯೂಸಿಯಂಗಳು ಕಾಗದದ ಕೃತಿಗಳಿಗೆ ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಸಾಕು ಅನ್ನುತ್ತವೆ, ಅದು ಮಬ್ಬು ಬೆಳಕೇ. ಮಾರ್ಕರ್ ಪೆನ್ನಿನ ಸಹಿಯಂತೂ ಬಿಸಿಲಿಗೆ ಬೇಗ ಮಾಸುತ್ತದೆ. ಯುವಿ ಗಾಜು (ಅತಿನೇರಳೆ ಕಿರಣ ಸೋಸುವ ಗಾಜು) ಅದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಕೆಲವು ತಿಂಗಳು ಗೋಡೆ ಮೇಲೆ, ಆಮೇಲೆ ಪೆಟ್ಟಿಗೆಯಲ್ಲಿ, ಹೀಗೆ ಬದಲಾಯಿಸುತ್ತಿರಿ. ಫ್ರೇಮ್ ಹಾಕಿಸುವಾಗ ಆಮ್ಲರಹಿತ ಮೌಂಟ್ ಬೋರ್ಡ್ (ಚಿತ್ರದ ಸುತ್ತ, ಹಿಂದೆ ಇಡುವ ರಟ್ಟು) ಕೇಳಿ. ಗಾಜು ಕಾಗದಕ್ಕೆ ತಾಗಬಾರದು. ಫೋಟೊ ಆದರೆ ಅಂಟಿಕೊಂಡೇಬಿಡುತ್ತದೆ.

ಪಿವಿಸಿ ಕವರ್ ಬೇಡ, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಇರಲಿ. ಸೆಲ್ಲೊ ಟೇಪ್ ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಬಿಳಿ ಗ್ಲೌಸ್ ಬರೀ ಸಿನಿಮಾ ಶೋಕಿ. ಕಾಗದಕ್ಕೆ ತೊಳೆದು ಒರೆಸಿದ ಕೈಯೇ ವಾಸಿ (ಫೋಟೊ ಹಿಡಿಯುವಾಗ ಮಾತ್ರ ಗ್ಲೌಸ್ ಇರಲಿ).

ಗಾಳಿಯ ತೇವ ಶೇ. 65 ದಾಟಿ ಹಾಗೇ ಉಳಿದರೆ ಬೂಸ್ಟು ಬರುತ್ತದೆ. ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ. ಆ ವಸ್ತುವನ್ನು ಉಳಿದವುಗಳಿಂದ ದೂರ ಇಟ್ಟು, ಗಾಳಿ ಆಡುವ ಒಣ ಜಾಗದಲ್ಲಿ ಆರಲು ಬಿಡಿ. ಬೆಲೆಬಾಳುವುದಾದರೆ ಮುಂದಿನದನ್ನು ಕಾಗದ ಸಂರಕ್ಷಣೆ ಬಲ್ಲವರಿಗೇ ಬಿಡಿ.