ನಮ್ಮ ಮನೆಯ ತೊಂಬತ್ತು ದಿನದ ಉಗ್ರಾಣ

2020ರ ಜುಲೈನಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿದ್ದ ತೊಗರಿಬೇಳೆಯ ಚೀಲ ಬಿಚ್ಚಿದೆ. ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ನೆಲಕ್ಕೆ ತಾಗಿದ್ದ ಅರ್ಧ ಚೀಲ ಬೂಷ್ಟು ಹಿಡಿದು ಗಂಟುಗಟ್ಟಿತ್ತು. ಪಕ್ಕದ ಡಬ್ಬದ ಹೆಸರುಕಾಳಿನಲ್ಲಿ ಕಾಳಿಗೊಂದು ತೂತು. ಇಪ್ಪತ್ತು ಕೆಜಿ ಗೋಧಿ ಹಿಟ್ಟು ಬಲೆ ಕಟ್ಟಿಕೊಂಡು ಅಲುಗಾಡುತ್ತಿತ್ತು. ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಇಪ್ಪತ್ತೊಂದು ದಿನ ಬೀಗ ಎಂದು ಕೇಳಿದ ಮೇಲೆ, ಸಿಕ್ಕ ಬೆಲೆಗೆ, ಸಿಕ್ಕಿದ್ದನ್ನೆಲ್ಲ ತಂದು ತುಂಬಿಸಿದ್ದ ಸಾಮಾನು ಅದು. ನಮ್ಮ ಬೀದಿಯ ಕೊನೆಯಲ್ಲಿದ್ದ ಗಾರೆ ಕೆಲಸದವರ ಮನೆಯಲ್ಲಿ ಆ ದಿನಗಳಲ್ಲಿ ಬೇಳೆ ಇರಲಿಲ್ಲ. ಅವರ ಪಾಲಿಗೆ ಸಿಗಬೇಕಾಗಿದ್ದನ್ನು ನಾನು ತಂದು ಹುಳುವಿಗೆ ಹಾಕಿದ್ದೆ. ಆ ಸಂಕಟ ಇಂದಿಗೂ ಕಡಿಮೆಯಾಗಿಲ್ಲ.

ಅತ್ತೆ ಚೀಲದೊಳಗೆ ಕೈಯಾಡಿಸಿ ನೋಡಿ, "ಕಾಳು ಕೊಳ್ಳುವುದು ಬೇರೆ, ಕಾಳು ಇಡುವುದು ಬೇರೆ ಕಣವ್ವ" ಎಂದರು. ನನ್ನ ತವರು ಮದ್ದೂರಿನ ಕಡೆ, ನಾಲೆಯ ನೀರಿನ ಊರು. ಹಿಂದೆ ಇರ್ವಿನ್ ನಾಲೆ ಎನ್ನುತ್ತಿದ್ದ ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ನಮ್ಮ ಕಡೆಯವರಿಗೆ ಮುಂದಿನ ಬೆಳೆ ಬಂದೇ ಬರುತ್ತದೆ ಎಂಬ ಧೈರ್ಯ ಬಂದುಬಿಟ್ಟಿತ್ತು. ಅತ್ತೆಯ ಊರು ನಾಗಮಂಗಲ ತಾಲ್ಲೂಕಿನ ಒಣಭೂಮಿ. ಮಳೆ ಕೈಕೊಟ್ಟ ವರ್ಷಕ್ಕೂ ಊಟ ಇರಬೇಕೆಂದು ಲೆಕ್ಕ ಹಾಕಿಯೇ ಬದುಕಿದ ಜನ. ಧಾತು ಸಂವತ್ಸರದ ಬರದ ಮಾತು ಅವರ ಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಬಂದಿದೆ. ಅದು 1876ರಿಂದ 1878ರವರೆಗಿನ ಬರ. 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಈ ಅಂಕಿಗಳನ್ನು ನಾನು ಓದಿದ್ದು ಆಮೇಲೆ. ಓದಿದ ಮೇಲೆ, ಅತ್ತೆ ರಾಗಿಯ ಒಂದು ಹಿಡಿಯನ್ನೂ ಚೆಲ್ಲಲು ಬಿಡದ ಕಾರಣ ಅರ್ಥವಾಯಿತು.

ಅವರ ತವರಿನಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರಂತೆ. ನೆಲದಲ್ಲಿ ಹೂಜಿಯಾಕಾರದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುವುದು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುವುದು. ಹಗೇವಿನಲ್ಲಿ ಉಸಿರುಗಟ್ಟಿ ಸತ್ತವರ ಕಥೆಗಳು ಆ ಕಡೆ ಹಲವು ಊರುಗಳಲ್ಲಿವೆ. ನನ್ನ ಕಣ್ಣು ತೆರೆಸಿದ್ದು ಈ ದೀಪದ ಮಾತು. ಮುಚ್ಚಿದ ಗುಂಡಿಯಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ, ಆಮೇಲೆ ಹುಳು ಬದುಕುವುದಿಲ್ಲ. ಒಣಗಿದ ಕಾಳು, ಗಾಳಿಯಾಡದ ಪಾತ್ರೆ: ಇವೆರಡನ್ನು ಮಂಡ್ಯದ ನಮ್ಮ ಮೂರು ಕೋಣೆಯ ಮನೆಯಲ್ಲಿ ಹೊಂದಿಸಿಕೊಳ್ಳುವುದೇ ನನ್ನ ಕೆಲಸವಾಯಿತು.

ಮೊದಲು ಒಂದು ತಿಂಗಳು ಎಲ್ಲವನ್ನೂ ತೂಗಿದೆ. ನಾವು ಐವರು: ನಾವಿಬ್ಬರು, ಅತ್ತೆ, ಇಬ್ಬರು ಮಕ್ಕಳು. ದಿನಕ್ಕೆ ರಾಗಿ ಹಿಟ್ಟು 700 ಗ್ರಾಂ, ಅಕ್ಕಿ 1.1 ಕೆಜಿ, ಬೇಳೆ ಮತ್ತು ಕಾಳು 300 ಗ್ರಾಂ, ಎಣ್ಣೆ ನೂರು ಗ್ರಾಂ. ತೊಂಬತ್ತು ದಿನಕ್ಕೆ ಲೆಕ್ಕ ಹಾಕಿದರೆ ರಾಗಿ 63 ಕೆಜಿ, ಅಕ್ಕಿ 99, ಕಾಳು 27, ಎಣ್ಣೆ 9. ಕಾಳಿನಲ್ಲಿ ತೊಗರಿಬೇಳೆ 12, ಹುರುಳಿ 6, ಒಣ ಅವರೆ 4, ಹೆಸರು 3, ಅಲಸಂದೆ 2. ಬೇರೆಯವರ ಪಟ್ಟಿ ನೋಡಿ ತರಬೇಡಿ. ನಾನು ಗೋಧಿ ಹಿಟ್ಟು ತುಂಬಿಸಿದ್ದೇ ಹಾಗೆ. ನಮ್ಮ ಮನೆಯಲ್ಲಿ ಚಪಾತಿ ವಾರಕ್ಕೊಮ್ಮೆ. ತಿನ್ನದ ಪದಾರ್ಥ ಡಬ್ಬದಿಂದ ಹೊರಗೆ ಬರುವುದೇ ಇಲ್ಲ, ಹುಳು ಮಾತ್ರ ಹೊರಗೆ ಬರುತ್ತದೆ.

ಕೊಳ್ಳುವುದನ್ನು ಸುಗ್ಗಿಗೆ ಕಟ್ಟಿಹಾಕಿದೆ. ರಾಗಿ, ಹುರುಳಿ, ಅವರೆ ಸಂಕ್ರಾಂತಿಯ ಆಸುಪಾಸಿನಲ್ಲಿ, ಕಣದಿಂದ ನೇರವಾಗಿ ಬಂದದ್ದು. ಹೊಸ ಹುಣಸೆ ಶಿವರಾತ್ರಿಯ ಹೊತ್ತಿಗೆ. ಬೀಜ ಬಿಡಿಸಿ, ಕಲ್ಲುಪ್ಪು ಬೆರೆಸಿ, ಉಂಡೆ ಕಟ್ಟಿ ಜಾಡಿಗೆ. ಮೆಣಸಿನಕಾಯಿ ಬೇಸಿಗೆಯಲ್ಲಿ. ಎಲ್ಲವನ್ನೂ ಒಂದೇ ಸಲ ತಂದರೆ ಸಂಬಳ ಸಾಲುವುದಿಲ್ಲ. ಒಂದು ತಿಂಗಳಿಗೆ ಒಂದು ಪದಾರ್ಥ ಎಂದುಕೊಂಡು ಉಗ್ರಾಣ ತುಂಬಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಸುಗ್ಗಿಯಲ್ಲಿ ಮಾರುಕಟ್ಟೆಗೆ ಮಾಲು ಹರಿದು ಬರುವಾಗ ಕೊಂಡರೆ ರೈತನಿಗೆ ಕೈಯಲ್ಲಿ ಕಾಸು, ನಮಗೆ ಹೊಸ ಕಾಳು. ಊರೆಲ್ಲ ಗಾಬರಿಯಾಗಿ ಅಂಗಡಿಗೆ ಓಡುವಾಗ ನಾವು ಆ ಸಾಲಿನಲ್ಲಿ ನಿಲ್ಲದಿದ್ದರೆ, ಕೊಳ್ಳಲು ದಿನಗೂಲಿಯನ್ನೇ ನಂಬಿದವರಿಗೆ ಒಂದಿಷ್ಟು ಉಳಿಯುತ್ತದೆ. ಈ ಕೆಲಸವನ್ನು ನಾನು ಬಿಡದೆ ಮಾಡುತ್ತಿರುವುದಕ್ಕೆ ದೊಡ್ಡ ಕಾರಣ ಇದು.

ಒಣಗಿಸುವುದರಲ್ಲಿ ಅವಸರ ಮಾಡಬಾರದು. ರಾಗಿಯನ್ನೂ ಕಾಳುಗಳನ್ನೂ ತಾರಸಿಯ ಮೇಲೆ ಟಾರ್ಪಾಲಿನಲ್ಲಿ ತೆಳ್ಳಗೆ ಹರಡಿ ಮೂರು ಬಿಸಿಲು ಕಾಯಿಸುತ್ತೇನೆ. ಅಕ್ಕಿಯನ್ನು ಮಾತ್ರ ಬಿರುಬಿಸಿಲಿಗೆ ಹಾಕಬಾರದು, ಸೀಳಿ ನುಚ್ಚಾಗುತ್ತದೆ. ಅದಕ್ಕೆ ನೆರಳಿನ ಗಾಳಿ ಸಾಕು. ಒಣಗಿದೆಯೇ ಎಂದು ತಿಳಿಯಲು ಅತ್ತೆ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಕಟಕ್ ಎಂದು ಒಡೆಯಬೇಕು, ಹಲ್ಲಿಗೆ ಮೆತ್ತಗೆ ಸಿಗಬಾರದು. ನನ್ನ ಹಲ್ಲಿಗೆ ಅಷ್ಟು ಅಭ್ಯಾಸವಿಲ್ಲ. ಒಣಗಿದ ಗಾಜಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ಕಾಳು, ಒಂದೆರಡು ಚಮಚ ಒಣಗಿದ ಪುಡಿ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡುತ್ತೇನೆ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇಕಡ 15ಕ್ಕಿಂತ ಹೆಚ್ಚಿದೆ ಎಂದು ಲೆಕ್ಕ. ಅಂಟದಿದ್ದರೂ ನಾನು ಇನ್ನೊಂದು ಬಿಸಿಲು ಹಾಕುತ್ತೇನೆ, ಏಕೆಂದರೆ ಬಹುಕಾಲ ಇಡುವ ಕಾಳಿಗೆ ಶೇಕಡ 12ಕ್ಕಿಂತ ಕಡಿಮೆ ಇರಬೇಕು. ಬಿಸಿಲಿನಿಂದ ತಂದ ಕಾಳನ್ನು ರಾತ್ರಿಯೆಲ್ಲ ಆರಲು ಬಿಟ್ಟೇ ತುಂಬಬೇಕು. ಬಿಸಿಯಿರುವಾಗಲೇ ಮುಚ್ಚಿದರೆ ಡಬ್ಬದ ಒಳಮೈ ಬೆವರಿ ಮೇಲಿನ ಪದರ ಬೂಷ್ಟು ಹಿಡಿಯುತ್ತದೆ. ಮೊದಲ ವರ್ಷ ಹತ್ತು ಕೆಜಿ ಹುರುಳಿಯನ್ನು ಹೀಗೆಯೇ ಕಳೆದುಕೊಂಡೆ.

ಪಾತ್ರೆಯ ವಿಚಾರದಲ್ಲೂ ಪೆಟ್ಟು ತಿಂದೆ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ನೀಲಿ ಪ್ಲಾಸ್ಟಿಕ್ ಡ್ರಮ್ಮು ತಂದೆ. ಹಿಂದೆ ಅದರಲ್ಲಿ ಏನಿತ್ತು ಎಂದು ಮಾರಿದವರು ಹೇಳಲಿಲ್ಲ, ನಾನೂ ಒತ್ತಿ ಕೇಳಲಿಲ್ಲ. ಸೀಗೆಪುಡಿ, ಹುಣಸೆಹಣ್ಣು, ಬಿಸಿನೀರು, ಯಾವುದರಿಂದ ತೊಳೆದರೂ ಔಷಧಿಯ ಘಾಟು ಹೋಗಲಿಲ್ಲ. ಈಗ ಅದು ಗಿಡಗಳಿಗೆ ನೀರು ತುಂಬಲು ಇದೆ. ಆಹಾರಕ್ಕೆಂದೇ ಮಾಡಿದ, ಮುಚ್ಚಳಕ್ಕೆ ರಬ್ಬರು ಪಟ್ಟಿ ಮತ್ತು ಕಬ್ಬಿಣದ ಬಳೆ ಇರುವ ಹೊಸ ಡ್ರಮ್ಮುಗಳನ್ನೇ ಕೊಂಡೆ. ಅವು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ನಿಂತಿವೆ. ಬಾಯಿಯವರೆಗೆ ತುಂಬಬೇಕು, ಖಾಲಿ ಜಾಗ ಬಿಟ್ಟಷ್ಟೂ ಹುಳುವಿಗೆ ಉಸಿರು. ಇನ್ನೊಂದು ಕಡೆ, ಹುಳುವಿಗೆಂದು ಗೋದಾಮಿನಲ್ಲಿ ಬಳಸುವ ಗುಳಿಗೆಯನ್ನು ಪೊಟ್ಟಣ ಕಟ್ಟಿ ಕೊಡಲು ಬಂದರು. ಅಲ್ಯೂಮಿನಿಯಂ ಫಾಸ್ಫೈಡಿನ ಆ ಗುಳಿಗೆ ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಮನುಷ್ಯರು ಮಲಗುವ ಮನೆಯೊಳಗೆ ಅದನ್ನು ತರಲೇಬಾರದು, ಜೀವ ಹೋಗುತ್ತದೆ. ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ಅಭ್ಯಾಸವನ್ನೂ ದಯವಿಟ್ಟು ಬಿಡಿ.

ರಾಗಿಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ. ಸಣ್ಣ ಗಟ್ಟಿ ಕಾಳು, ಹುಳು ಅದರ ತಂಟೆಗೆ ಹೋಗುವುದು ಕಡಿಮೆ. ಕಷ್ಟ ಕೊಡುವುದು ಅವರೆ, ಹೆಸರು, ಅಲಸಂದೆ. ಇವುಗಳ ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ, ನಾವು ಮನೆಗೆ ತರುವಾಗಲೇ ಒಳಗಿರುತ್ತದೆ. ಅತ್ತೆ ತೊಗರಿಕಾಳಿಗೆ ಕೆಮ್ಮಣ್ಣು ಕಲಸಿ ಒಣಗಿಸಿ ಇಡುತ್ತಿದ್ದರು. ನಾನು ಮಣ್ಣಿನ ಬದಲು ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರುತ್ತೇನೆ. ಸ್ವಲ್ಪವೇ ಇದ್ದರೆ ಎರಡೆರಡು ಕೆಜಿ ಕವರಿನಲ್ಲಿ ಕಟ್ಟಿ ಒಂದು ವಾರ ಫ್ರಿಜ್ಜಿನ ಮಂಜಿನ ಖಾನೆಯಲ್ಲಿಟ್ಟು, ಹೊರಗೆ ತಂದು ಕವರಿನ ತೇವ ಆರಿದ ಮೇಲೆ ಡಬ್ಬಕ್ಕೆ ಹಾಕುತ್ತೇನೆ. ಮೊಟ್ಟೆ ಸಾಯುತ್ತದೆ.

ಹಿಟ್ಟು, ಕಡಲೆಕಾಯಿ ಬೀಜ, ಕೊಬ್ಬರಿ, ಎಣ್ಣೆ ಹೆಚ್ಚು ದಿನ ಇಡುವ ಪದಾರ್ಥಗಳಲ್ಲ, ಕಮಟು ಬರುತ್ತದೆ. ತೌಡು ಉಳಿದ ಕೆಂಪಕ್ಕಿಯೂ ಬಿಳಿ ಅಕ್ಕಿಯಷ್ಟು ತಾಳುವುದಿಲ್ಲ. ಬೆಲ್ಲ ಮಳೆಗಾಲದಲ್ಲಿ ನೀರೊಡೆಯುತ್ತದೆ. ಆಲೆಮನೆಯಿಂದ ಗಟ್ಟಿ ಅಚ್ಚು ಬೆಲ್ಲ ತಂದು, ಕಾಗದ ಸುತ್ತಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಇಟ್ಟರೆ ಎಂಟು ತಿಂಗಳು ನಿಶ್ಚಿಂತೆ.

2022ರ ಆಷಾಢದಲ್ಲಿ ಹದಿನೈದು ದಿನ ಅಂಗಡಿಗೆ ಹೋಗುವುದೇ ಇಲ್ಲ ಎಂದು ಮನೆಯವರೆಲ್ಲ ಒಪ್ಪಿಕೊಂಡೆವು. ಹಾಲೂ ಇಲ್ಲ, ತರಕಾರಿಯೂ ಇಲ್ಲ. ಕಾಗದದ ಮೇಲೆ ಸರಿಯಿದ್ದದ್ದು ಒಲೆಯ ಮುಂದೆ ಸರಿಯಿರಲಿಲ್ಲ. ಮೂರನೆಯ ದಿನ ರಾಗಿ ಹಿಟ್ಟು ಮುಗಿಯಿತು. ಡ್ರಮ್ಮಿನ ತುಂಬ ರಾಗಿ, ಮಿಲ್ಲಿಗೆ ಹೋಗುವಂತಿಲ್ಲ! ಊರಿನಿಂದ ಬೀಸುಕಲ್ಲು ತರಿಸಿದೆವು. ಅತ್ತೆಯೂ ನಾನೂ ಎದುರುಬದುರು ಕುಳಿತು ಒಂದು ಕೆಜಿ ಬೀಸಲು ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಭುಜ ಎರಡು ದಿನ ನೋಯಿತು. ಅಂದಿನಿಂದ ಎರಡು ಕೆಜಿ ರಾಗಿ ಹುರಿಹಿಟ್ಟು, ಮೂರು ಕೆಜಿ ಅವಲಕ್ಕಿ ಯಾವಾಗಲೂ ಇರುತ್ತವೆ. ಒಲೆ ಹಚ್ಚದೆಯೂ ಒಂದು ಹೊತ್ತು ಕಳೆಯಬಹುದು.

ಹಾಲು, ಸೊಪ್ಪು, ಪಲ್ಯ ಇಲ್ಲದ ಮೇಲೆ ಹೊಟ್ಟೆ ತುಂಬಲು ಅನ್ನವೇ ಬೇಕು. ಅಕ್ಕಿ ಕಾಲುಭಾಗ ಹೆಚ್ಚು ಖರ್ಚಾಯಿತು, 99 ಕೆಜಿಯ ಲೆಕ್ಕವನ್ನು 120ಕ್ಕೆ ಏರಿಸಿದೆ. ಒಂಬತ್ತನೆಯ ದಿನ ಚಿಕ್ಕವನು ಮತ್ತೆ ಹುರುಳಿ ಸಾರೇ ಎಂದು ತಟ್ಟೆ ಸರಿಸಿದ. ಬಾಳಕದ ಮೆಣಸಿನಕಾಯಿ, ಅರಳು ಸಂಡಿಗೆ, ಉಪ್ಪಿನಕಾಯಿ ಇಂಥ ದಿನಕ್ಕೆ ಬೇಕೇ ಬೇಕು. ಹಿತ್ತಿಲಿನ ನುಗ್ಗೆಮರ ಸೊಪ್ಪು ಕೊಟ್ಟು ಕಾಪಾಡಿತು. ಉಪ್ಪೆಸರಿಗೆ ಅದೇ ಆಧಾರ. ಈಗ ಸಿಹಿಗುಂಬಳವನ್ನೂ ತೊಟ್ಟು ಮುರಿಯದಂತೆ ತಂದು ನೆರಳಿನಲ್ಲಿ ಇಡುತ್ತೇನೆ, ತಿಂಗಳುಗಟ್ಟಲೆ ಇರುತ್ತದೆ.

14.2 ಕೆಜಿಯ ಒಂದು ಸಿಲಿಂಡರ್ ನಮಗೆ ಮೂವತ್ತೈದು ದಿನ. ಎರಡು ತುಂಬಿದ್ದರೂ ತೊಂಬತ್ತು ದಿನ ಮುಟ್ಟುವುದಿಲ್ಲ. ಹಿತ್ತಿಲಲ್ಲಿ ಒಂದು ಮಣ್ಣಿನ ಒಲೆ ಹಾಕಿಸಿದೆ, ತೆಂಗಿನ ಗರಿ, ಮಟ್ಟೆ, ಚಿಪ್ಪು ಕೂಡಿಡುತ್ತೇನೆ. ಕಾಳನ್ನು ರಾತ್ರಿ ನೆನೆಹಾಕುವುದನ್ನು ತಪ್ಪಿಸುವುದಿಲ್ಲ. ಕುಡಿಯಲು, ಅಡುಗೆಗೆ ತಲೆಗೆ ನಾಲ್ಕು ಲೀಟರಿನಂತೆ ದಿನಕ್ಕೆ ಇಪ್ಪತ್ತು ಲೀಟರ್ ನೀರು. ಸಂಪು ಇದೆ, ಆದರೆ ವಿದ್ಯುತ್ ಇಲ್ಲದಿದ್ದರೆ ಮೋಟಾರು ಏಳದು ಎಂದು ಹಗ್ಗ ಕಟ್ಟಿದ ಬಿಂದಿಗೆ ಪಕ್ಕದಲ್ಲೇ ಇದೆ. ಅತ್ತೆಯ ರಕ್ತದೊತ್ತಡದ ಮಾತ್ರೆ ಎರಡು ತಿಂಗಳಿನದು ಮುಂಚಿತವಾಗಿ ಇರುತ್ತದೆ.

ಪ್ರತಿ ಡ್ರಮ್ಮಿನ ಮೇಲೆ ತುಂಬಿದ ತಿಂಗಳನ್ನು ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಹಳೆಯದು ಅಡುಗೆಗೆ, ಅದು ಖಾಲಿಯಾದಾಗ ಹೊಸದು ಒಳಕ್ಕೆ. ಉಗ್ರಾಣದಲ್ಲಿ ಒಂದೂವರೆ ವರ್ಷಕ್ಕಿಂತ ಹಳೆಯ ಅಕ್ಕಿ ಇಲ್ಲ, ಒಂದು ವರ್ಷ ದಾಟಿದ ಕಾಳೂ ಇಲ್ಲ. ರಾಗಿ ಮಾತ್ರ ಎರಡು ವರ್ಷದ್ದು ಇದೆ. 2023ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ವಿಚಾರಕ್ಕೆ ಬಂದ್ ಮೇಲೆ ಬಂದ್ ನಡೆದಾಗ ನಾನು ಪೇಟೆಬೀದಿಯ ಕಡೆ ತಲೆ ಹಾಕಲಿಲ್ಲ. ಗಾರೆ ಕೆಲಸದವರ ಮನೆಗೆ ಐದು ಸೇರು ರಾಗಿ, ಎರಡು ಸೇರು ಅವರೆ ಕೊಟ್ಟು ಬಂದೆ. ಈ ಸಂಕ್ರಾಂತಿಗೆ ಆ ಮನೆಯಾಕೆ ಒಂದು ಡ್ರಮ್ಮು ಕೊಂಡಿದ್ದಾರೆ. ಅವರ ರಾಗಿಯೂ ನಮ್ಮ ತಾರಸಿಯ ಮೇಲೆಯೇ ಒಣಗಿತು. ಮೂರನೆಯ ಸಂಜೆ ಅತ್ತೆ ಎರಡೂ ರಾಶಿಯಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ನಮ್ಮದನ್ನು ತುಂಬಲು ಹೇಳಿ, ಅವರದಕ್ಕೆ ಇನ್ನೊಂದು ಬಿಸಿಲು ಬೇಕು ಎಂದರು.