ಹತ್ತಿರದಲ್ಲಿ ಗುರಿ ಕೂಡಿಸಿ, ದೂರದಲ್ಲಿ ಒರೆಗೆ ಹಚ್ಚಿ

ಮೂಡಿಗೆರೆ, ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ ಕೋವಿ ಇರುವುದು ಹೊಸದೇನಲ್ಲ. ಚುನಾವಣೆ ಘೋಷಣೆಯಾದಾಗ ಅದನ್ನು ಠಾಣೆಗೆ ಜಮಾ ಮಾಡಿ, ಎಲ್ಲ ಮುಗಿದ ಮೇಲೆ ಬಿಡಿಸಿಕೊಂಡು ಬರುವುದೂ ಹೊಸದಲ್ಲ. ಹಾಗೆ ತಿಂಗಳುಗಟ್ಟಲೆ ಬೇರೆ ಕೋವಿಗಳ ಜೊತೆ ಒರಗಿ ನಿಂತು, ಜೀಪಿನಲ್ಲಿ ಕುಲುಕಿಕೊಂಡು ಮರಳಿದ ರೈಫಲ್, ಮೊದಲಿನ ಜಾಗಕ್ಕೇ ಹೊಡೆಯುತ್ತದೆ ಎಂದು ನಂಬುವುದು ತಪ್ಪು. ಮಲೆನಾಡಿನ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ತೇವ ಕುಡಿದ ಮರದ ಹಿಡಿ ಉಬ್ಬಿ ನಳಿಗೆಯನ್ನು ಒಂದು ಬದಿಗೆ ಒತ್ತಿದರೆ ಸಾಕು, ಈಡು ಬೀಳುವ ಜಾಗ ಬದಲಾಗುತ್ತದೆ. ಆಗ ಗುರಿಯನ್ನು ಮತ್ತೆ ಕೂಡಿಸಬೇಕು, ಅಂದರೆ ನೋಟ ನೆಟ್ಟಲ್ಲಿಗೇ ಈಡು ಬೀಳುವಂತೆ ರೈಫಲ್ಲನ್ನು ಹೊಂದಿಸಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿದಿದೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಗುಂಡು ಹೊಡೆಯುವ ಅಭ್ಯಾಸಕ್ಕೆಂದೇ ಇರುವ ರೇಂಜ್‌ನಲ್ಲಿ ಕಟ್ಟಿದ ಕಾಗದದ ಗುರಿಯನ್ನು ಕುರಿತದ್ದು. ತೋಟದ ಅಂಚಿನಲ್ಲಿ ಸಿಲ್ವರ್ ಮರಕ್ಕೆ ಕಾಗದ ಅಂಟಿಸಿ ಪರೀಕ್ಷಿಸುವ ಯೋಚನೆಯೂ ಬೇಡ. ಪಾಯಿಂಟ್ 22 ಎಂಬ ಸಣ್ಣ ಅಳತೆಯ ರೈಫಲ್ಲಿನ ಪುಟ್ಟ ಗುಂಡೇ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. 30-06 ಎಂಬ ದೊಡ್ಡ ಅಳತೆಯ ರೈಫಲ್ಲಿನ ಗುಂಡು ನಾಲ್ಕು ಕಿಲೋಮೀಟರ್ ದಾಟಬಲ್ಲದು. ಕಾಫಿ ಗಿಡದ ಮರೆಯಲ್ಲಿ ಯಾರು ಹಣ್ಣು ಬಿಡಿಸುತ್ತಿದ್ದಾರೆ ಎಂಬುದು ಹೊಡೆಯುವವನಿಗೆ ಕಾಣುವುದಿಲ್ಲ. ಹಿಂದೆ ಎತ್ತರದ ಮಣ್ಣಿನ ದಿಬ್ಬವಿರುವ, ಅನುಮತಿ ಪಡೆದ ರೇಂಜ್‌ಗೇ ಹೋಗಬೇಕು; ಕಿವಿಗೂ ಕಣ್ಣಿಗೂ ರಕ್ಷಣೆ ಇರಬೇಕು.

ಹೊರಡುವ ಮುನ್ನ ಮನೆಯಲ್ಲೇ ಮಾಡಬೇಕಾದ ಕೆಲಸವಿದೆ. ರೈಫಲ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಸ್ಕೋಪ್ (ಗುರಿ ನೋಡುವ ದುರ್ಬೀನು) ಹಿಡಿದಿರುವ ತಿರುಪುಗಳನ್ನೂ ಹಿಡಿಗೆ ನಳಿಗೆಯನ್ನು ಬಿಗಿದಿರುವ ತಿರುಪುಗಳನ್ನೂ ಒಂದೊಂದಾಗಿ ನೋಡಿ. ಒಮ್ಮೆ ನಾನು ಇದನ್ನು ಬಿಟ್ಟು ರೇಂಜ್‌ಗೆ ಹೋಗಿ, ಹೊಡೆದ ಆರು ಈಡೂ ಆರು ದಿಕ್ಕಿಗೆ ಹೋದಾಗ ನನ್ನ ಕೈಯನ್ನೇ ಶಪಿಸಿಕೊಂಡಿದ್ದೆ. ಕೊನೆಗೆ ಸ್ಕೋಪನ್ನು ಮುಟ್ಟಿದರೆ ಅದು ಬೆರಳಿನ ಒತ್ತಡಕ್ಕೇ ಅಲುಗಾಡಿತು. ಪರವಾನಗಿಯಲ್ಲಿ ನಮೂದಾದಷ್ಟೇ ತೋಟಾ ಸಿಗುವ ನಮ್ಮಂಥವರಿಗೆ ಆರು ಎಂದರೆ ಸಣ್ಣ ನಷ್ಟವಲ್ಲ. ಮಸೂರದೊಳಗೆ ಜೇಡರ ಬಲೆಯಂಥ ಬೂಷ್ಟು ಹಿಡಿದಿದೆಯೇ ಎಂದೂ ನೋಡಿಕೊಳ್ಳಿ. ನಳಿಗೆಯೊಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ. ಎಣ್ಣೆಯಿರುವ ನಳಿಗೆಯ ಮೊದಲ ಈಡು ಉಳಿದವುಗಳ ಜೊತೆ ಕೂಡುವುದಿಲ್ಲ.

ರೇಂಜ್‌ನಲ್ಲಿ ಮೊದಲ ಗುರಿಯನ್ನು 25 ಗಜಕ್ಕೆ, ಅಂದರೆ ಸುಮಾರು 23 ಮೀಟರ್‌ಗೆ ಇಡಿ. ಮರಳು ತುಂಬಿದ ಚೀಲಗಳ ಮೇಲೆ ರೈಫಲ್ಲನ್ನು ಕೂಡಿಸುವಾಗ ಮುಂಭಾಗದ ಮರ ಚೀಲದ ಮೇಲಿರಲಿ, ನಳಿಗೆ ಎಲ್ಲಿಯೂ ತಾಗದಿರಲಿ. ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಭಾಗ, ಹೊರತೆಗೆಯಲು ಬರುವ ರೈಫಲ್ ಆದರೆ, ಬೋಲ್ಟ್ ತೆಗೆದು ಹಿಂದಿನಿಂದ ನಳಿಗೆಯೊಳಗೆ ಇಣುಕಿ. ಕಪ್ಪು ಚುಕ್ಕೆ ಆ ದುಂಡು ಕಿಂಡಿಯ ನಟ್ಟನಡುವೆ ಬರುವಂತೆ ರೈಫಲ್ಲನ್ನು ಚೀಲದಲ್ಲಿ ನೆಲೆಗೊಳಿಸಿ, ಅದು ಕದಲದಂತೆ ಸ್ಕೋಪಿನ ಅಡ್ಡಗೆರೆಗಳನ್ನು ಅದೇ ಚುಕ್ಕೆಗೆ ತನ್ನಿ. ಒಂದು ತೋಟಾ ಕೂಡ ಖರ್ಚಾಗದೆ ಮೊದಲ ಈಡು ಕಾಗದದ ಮೇಲಂತೂ ಬೀಳುತ್ತದೆ.

ಆಮೇಲೆ ಮೂರು ಈಡು, ಆತುರವಿಲ್ಲದೆ, ಒಂದೇ ಚುಕ್ಕೆಗೆ. ಒಂದು ಈಡು ಬಿದ್ದ ಕೂಡಲೇ ಅಡ್ಡಗೆರೆ ಸರಿಸುವ ಸ್ಕೋಪಿನ ತಿರುಪಿಗೆ ಕೈ ಹಾಕುವುದು ನಮ್ಮಲ್ಲಿ ಬಹಳ ಮಂದಿಯ ಚಾಳಿ. ಅದರಿಂದ ರೈಫಲ್ಲಿನ ತಪ್ಪಿಗೂ ನಮ್ಮ ಕೈಯ ತಪ್ಪಿಗೂ ವ್ಯತ್ಯಾಸವೇ ತಿಳಿಯದೆ ಹೋಗುತ್ತದೆ. ಮೂರೂ ತೂತುಗಳ ನಡುಬಿಂದುವನ್ನು ಪೆನ್ಸಿಲ್ಲಿನಿಂದ ಗುರುತಿಸಿ, ಅಲ್ಲಿಂದ ಚುಕ್ಕೆಗೆ ಸ್ಕೇಲಿನಲ್ಲಿ ಅಳೆಯಿರಿ.

ಈಗ ಬರುವ ಲೆಕ್ಕದಲ್ಲೇ ಹೆಚ್ಚಿನವರು ಎಡವುತ್ತಾರೆ. ಸಾಮಾನ್ಯ ಸ್ಕೋಪ್‌ಗಳ ತಿರುಪು ಒಂದು ಸಲ ‘ಟಿಕ್’ ಎಂದರೆ ಈಡು 100 ಗಜದಲ್ಲಿ ಕಾಲು ಅಂಗುಲ ಸರಿಯುತ್ತದೆ. ಆದರೆ 25 ಗಜದಲ್ಲಿ ಅದೇ ಟಿಕ್ಕಿಗೆ ಸರಿಯುವುದು ಅಂಗುಲದ ಹದಿನಾರನೇ ಒಂದು ಭಾಗ ಮಾತ್ರ. ಈಡುಗಳ ನಡುಬಿಂದು ಎರಡು ಅಂಗುಲ ಕೆಳಗೆ, ಒಂದು ಅಂಗುಲ ಬಲಕ್ಕೆ ಇದ್ದರೆ, ಮೇಲಕ್ಕೆ 32 ಟಿಕ್, ಎಡಕ್ಕೆ 16 ಟಿಕ್ ತಿರುಗಿಸಬೇಕು. ಎಂಟು, ನಾಲ್ಕು ಎಂದು ತಿರುಗಿಸಿ ‘ಸ್ಕೋಪೇ ಕೆಟ್ಟಿದೆ’ ಎಂದವರನ್ನು ಕಂಡಿದ್ದೇನೆ.

ಸ್ಕೋಪ್ ಇಲ್ಲದ ರೈಫಲ್ಲಿಗೂ ಇದೇ ದಾರಿ, ಲೆಕ್ಕ ಮಾತ್ರ ಬೇರೆ. ನಳಿಗೆಯ ಮೇಲೆ ಗುರಿ ನೋಡಲು ಹಿಂದೊಂದು ಮುಂದೊಂದು ಸೈಟ್ ಇರುತ್ತದೆ. ಹಿಂದಿನ ಸೈಟನ್ನು ಈಡು ಹೋಗಬೇಕಾದ ದಿಕ್ಕಿಗೇ ಸರಿಸಬೇಕು, ಮುಂದಿನದನ್ನು ಅದಕ್ಕೆ ವಿರುದ್ಧವಾಗಿ. ಎರಡು ಸೈಟ್‌ಗಳ ನಡುವೆ ಅರ್ಧ ಮೀಟರ್ ಅಂತರವಿದ್ದರೆ, ಸೈಟನ್ನು ಒಂದೇ ಒಂದು ಮಿಲಿಮೀಟರ್ ಸರಿಸಿದಾಗ 25 ಮೀಟರ್ ದೂರದಲ್ಲಿ ಈಡು ಐದು ಸೆಂಟಿಮೀಟರ್ ಸರಿಯುತ್ತದೆ. ಸೈಟನ್ನು ತಟ್ಟಿ ಸರಿಸುವ ಸುತ್ತಿಗೆಯನ್ನು ಎಷ್ಟು ಮೆತ್ತಗೆ ಬಳಸಬೇಕೆಂಬುದು ಇದರಿಂದಲೇ ತಿಳಿಯುತ್ತದೆ.

ಹತ್ತಿರದಲ್ಲಿ ಕೂಡಿಸಿದ ಗುರಿ ದೂರಕ್ಕೆ ಹೇಗೆ ಒದಗುತ್ತದೆ? ಸ್ಕೋಪ್ ನಳಿಗೆಗಿಂತ ಸುಮಾರು ಒಂದೂವರೆ ಅಂಗುಲ ಮೇಲಿರುತ್ತದೆ. ನಳಿಗೆಯ ಬಾಯಿಂದಲೇ ಗುಂಡು ಬೀಳತೊಡಗಿದರೂ, ನಳಿಗೆ ನೋಟದ ಗೆರೆಗೆ ತುಸು ಮೇಲ್ಮುಖವಾಗಿರುವುದರಿಂದ ಗುಂಡು ಆ ಗೆರೆಯನ್ನು ಕೆಳಗಿನಿಂದ ಒಮ್ಮೆ ದಾಟಿ, ಮೇಲೇರಿ, ದೂರದಲ್ಲಿ ಇಳಿಯುತ್ತಾ ಇನ್ನೊಮ್ಮೆ ದಾಟುತ್ತದೆ. 180 ಗ್ರೇನ್ ತೂಕದ ಗುಂಡನ್ನು ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಕಳುಹಿಸುವ 30-06 ರೈಫಲ್ಲನ್ನು 25 ಗಜಕ್ಕೆ ಕೂಡಿಸಿದರೆ, 100 ಗಜದಲ್ಲಿ ಈಡು ಎರಡೂವರೆ ಅಂಗುಲದಷ್ಟು ಮೇಲೆ, 200 ಗಜದಲ್ಲಿ ಒಂದು ಅಂಗುಲದಷ್ಟು ಮೇಲೆ ಬಿದ್ದು, ಅಲ್ಲಿಂದ ಸ್ವಲ್ಪ ಮುಂದೆ ಮತ್ತೆ ಗೆರೆಗೆ ಕೂಡುತ್ತದೆ. ಇದೇ ಉಪಾಯವನ್ನು ಪಾಯಿಂಟ್ 22ಕ್ಕೆ ಹೂಡಿದರೆ ಕೈಕೊಡುತ್ತದೆ: ನಿಧಾನದ ಆ ಗುಂಡು ಸುಮಾರು 40 ಗಜಕ್ಕೇ ಎರಡನೇ ಸಲ ಗೆರೆ ದಾಟಿ, 100 ಗಜದ ಹೊತ್ತಿಗೆ ಎಂಟು ಅಂಗುಲದಷ್ಟು ಕೆಳಗಿಳಿದಿರುತ್ತದೆ. ಅದನ್ನು 50 ಗಜಕ್ಕೆ ಕೂಡಿಸುವುದೇ ಲೇಸು.

ಇಷ್ಟಾದರೂ 25 ಗಜದ ಕಾಗದವನ್ನು ನೋಡಿ ಕೆಲಸ ಮುಗಿಯಿತೆಂದು ಗಂಟುಮೂಟೆ ಕಟ್ಟಬಾರದು. ಅಲ್ಲಿ ಕಣ್ಣಿಗೂ ಸಿಗದ ಕಾಲು ಅಂಗುಲದ ತಪ್ಪು 100 ಗಜದಲ್ಲಿ ಒಂದು ಅಂಗುಲವಾಗಿ, 200ರಲ್ಲಿ ಎರಡಾಗಿ ಬೆಳೆಯುತ್ತದೆ. ಅನೇಕ ಸ್ಕೋಪ್‌ಗಳನ್ನು 100 ಗಜದ ನೋಟಕ್ಕೆ ಹೊಂದಿಸಿರುತ್ತಾರಾದ್ದರಿಂದ, ಹತ್ತಿರದಲ್ಲಿ ಕಣ್ಣು ಸ್ವಲ್ಪ ಓರೆಯಾದರೂ ಅಡ್ಡಗೆರೆ ಚುಕ್ಕೆಯ ಮೇಲೆ ಸರಿದಾಡುತ್ತದೆ. ಹಾಗಾಗಿ ನಳಿಗೆ ಆರಿದ ಮೇಲೆ ಗುರಿಯನ್ನು 100 ಗಜಕ್ಕೆ ಒಯ್ದು, ಮತ್ತೆ ಮೂರು ಈಡು ಹೊಡೆದು, ಕೊನೆಯ ತಿದ್ದುಪಡಿಯನ್ನು ಅಲ್ಲಿಯೇ ಮಾಡಬೇಕು. ಇನ್ನೂ ದೂರಕ್ಕೆ ಹೊಡೆಯುವವರು ಆ ದೂರದಲ್ಲೂ ಕಾಗದ ಕಟ್ಟಿ ನೋಡಬೇಕು.

ಎಲ್ಲ ಈಡನ್ನೂ ಒಂದೇ ಬಗೆಯ ತೋಟಾದಿಂದ ಹೊಡೆಯಿರಿ. ಗುಂಡಿನ ತೂಕ ಬದಲಾದರೆ ಈ ಕೆಲಸವನ್ನೆಲ್ಲ ಹೊಸದಾಗಿ ಮಾಡಬೇಕಾಗುತ್ತದೆ. ತೋಟಾ ಡಬ್ಬಿಯ ಮೇಲಿನ ಲಾಟ್ ಸಂಖ್ಯೆ, ದಿನಾಂಕ, ದೂರ, ತಿರುಗಿಸಿದ ಟಿಕ್‌ಗಳನ್ನು ಬರೆದು, 100 ಗಜದ ಆ ಕಾಗದವನ್ನೂ ಮಡಿಸಿ ಅದೇ ನೋಟ್‌ಬುಕ್ಕಿನಲ್ಲಿಡಿ. ಮುಂದಿನ ಚುನಾವಣೆ ಮುಗಿಸಿ ರೈಫಲ್ ಮನೆಗೆ ಬಂದಾಗ, ಹೊಡೆದ ಮೊದಲ ಮೂರು ಈಡನ್ನು ಆ ಕಾಗದದ ಪಕ್ಕದಲ್ಲಿಟ್ಟು ನೋಡಬಹುದು.