ಆಯಿಲ್ ಸೀಲ್ ತರುವ ಮೊದಲು ಶಾಫ್ಟಿನ ಮೇಲೆ ಉಗುರು ಎಳೆಯಿರಿ

ಕಾಫಿ ಕುಯ್ಲಿನ ನಡುವೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ ಮೆಷಿನ್ನಿನ ಗೇರ್ ಬಾಕ್ಸ್ ಎಣ್ಣೆ ಸೋರಿಸಲು ಶುರು ಮಾಡಿದರೆ ತಲೆ ಕೆಡುತ್ತದೆ. ಕುಯ್ದ ಹಣ್ಣನ್ನು ಅಂದೇ ಪಲ್ಪ್ ಮಾಡಬೇಕು, ಕಾಯುವ ಹಾಗಿಲ್ಲ. ಆ ಗಡಿಬಿಡಿಯಲ್ಲಿ ನಾನು ಗೋಣಿಕೊಪ್ಪಕ್ಕೆ ಓಡಿ ಹೊಸ ಆಯಿಲ್ ಸೀಲ್, ಅಂದರೆ ತಿರುಗುವ ಶಾಫ್ಟಿನ ಸುತ್ತ ಕೂತು ಎಣ್ಣೆ ತಡೆಯುವ ಬಳೆ, ತಂದು ಹಾಕಿದೆ. ವಾರದಲ್ಲಿ ಮತ್ತೆ ಸೋರಿತು. ಇನ್ನೊಂದು ತಂದೆ, ಅದೂ ಅಷ್ಟೇ. ಮೂರನೇ ಸಲ ಬಿಚ್ಚಿದಾಗ ಶಾಫ್ಟಿನ ಮೇಲೆ ಸುಮ್ನೆ ಉಗುರು ಎಳೆದೆ. ಸೀಲಿನ ತುಟಿ (ಶಾಫ್ಟಿಗೆ ತಾಗುವ ರಬ್ಬರ್ ಅಂಚು) ಕೂರುವ ಜಾಗದಲ್ಲಿ ಟಕ್ ಅಂತ ಸಿಕ್ಕಿಕೊಂಡಿತು.

ರಬ್ಬರ್ ಉಕ್ಕನ್ನು ಸವೆಸುತ್ತದಾ? ತುಟಿಗೆ ಮೆತ್ತಿದ ದೂಳು ಮರಳು ಕಾಗದದ ಹಾಗೆ ಉಜ್ಜುತ್ತದೆ, ಉಕ್ಕಿನಲ್ಲೂ ಗೆರೆ ಬೀಳುತ್ತದೆ. ಗೆರೆ ಇದ್ದರೆ ಎಷ್ಟು ದುಬಾರಿ ಸೀಲ್ ಹಾಕಿದರೂ ದಂಡ. ಕೂರುವ ಗುಂಡಿಯಲ್ಲಿ ಜಾಗವಿದ್ದರೆ ಹೊಸದನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ, ತುಟಿ ನಯವಾದ ಕಡೆ ಬೀಳಲಿ. ಜಾಗವಿಲ್ಲವೆಂದರೆ ಶಾಫ್ಟಿಗೆ ತೆಳು ಸ್ಲೀವ್, ಅಂದರೆ ಕೊಳವೆಯಂಥ ಹೊದಿಕೆ, ಹಾಕಿಸಬೇಕು.

ಆಮೇಲೆ ಅಳತೆ. ಹಳೇ ಸೀಲಿನ ಮೇಲೆ 35-52-7 ಥರದ ಅಂಕಿ ಮಿ.ಮೀ. ಲೆಕ್ಕದಲ್ಲಿ ಇರುತ್ತದೆ: ಶಾಫ್ಟಿನ ದಪ್ಪ, ಹೊರಗಿನ ಅಳತೆ, ಅಗಲ. ಅಳಿಸಿಹೋಗಿದ್ದರೆ ವರ್ನಿಯರ್ ಅಳತೆಗೋಲು ಹಿಡಿದು ಶಾಫ್ಟನ್ನೂ ಗುಂಡಿಯನ್ನೂ ಅಳೆಯಿರಿ. ಸವೆದ ತುಟಿಯನ್ನು ಅಳೆದರೆ ಲೆಕ್ಕ ತಪ್ಪುತ್ತದೆ.

ಅಂಗಡಿಯಲ್ಲಿ ಟಿಸಿ ಮಾದರಿಯ ಸೀಲ್ ಕೇಳಿ. ಎಸ್‌ಸಿಗೆ ಒಂದೇ ತುಟಿ, ಟಿಸಿಗೆ ಹೊರಗಡೆ ದೂಳು ತಡೆಯುವ ಇನ್ನೊಂದು. ಪಲ್ಪರ್ ಹತ್ತಿರ ನೀರು, ಹಣ್ಣಿನ ಲೋಳೆ ಸಿಡಿಯುತ್ತಲೇ ಇರುತ್ತದೆ ಅಲ್ವಾ, ಎಸ್‌ಸಿ ಅಲ್ಲಿ ಬಾಳುವುದಿಲ್ಲ.

ರಬ್ಬರ್ ಯಾವುದು? ನಮ್ಮ ಕೆಲಸಕ್ಕೆ ಹೆಚ್ಚಾಗಿ ನೈಟ್ರೈಲ್ ಸಾಕು. ಸುಮಾರು 100 ಡಿಗ್ರಿವರೆಗೆ ತಡೆಯುತ್ತದೆ. ಗೇರ್ ಬಾಕ್ಸ್ ಕೈ ಇಡಲಾಗದಷ್ಟು ಬಿಸಿ ಎಂದರೂ 60 ಡಿಗ್ರಿಯ ಆಸುಪಾಸು ಇರಬಹುದು, ಅಷ್ಟಕ್ಕೇ ಹೆದರಬೇಡಿ. ವೇಗದ ಚಿಂತೆಯೂ ಬೇಡ: 35 ಮಿ.ಮೀ. ಶಾಫ್ಟ್ ನಿಮಿಷಕ್ಕೆ 1440 ಸುತ್ತು ತಿರುಗಿದರೆ ತುಟಿಯ ಕೆಳಗೆ ಸೆಕೆಂಡಿಗೆ 2.6 ಮೀಟರ್ ಓಡುತ್ತದೆ, ನೈಟ್ರೈಲಿಗೆ ಅದು ಸಲೀಸು. ವೈಟಾನ್ ಅನ್ನುವ ರಬ್ಬರ್ 200 ಡಿಗ್ರಿ ತಾಳುತ್ತದೆ, ಬೆಲೆಯೂ ಜಾಸ್ತಿ. ಎಂಜಿನ್ನಿನ ಬಿಸಿ ಜಾಗಕ್ಕೆ ಇರಲಿ. ಸಿಲಿಕೋನ್ ಬಿಸಿ ತಾಳಿದರೂ ಇಪಿ 90 ಗೇರ್ ಎಣ್ಣೆಗೆ ಆಗಿಬರುವುದಿಲ್ಲ. ಇಪಿಡಿಎಂ ಅನ್ನುವ ರಬ್ಬರ್ ಅಂತೂ ಎಣ್ಣೆ ಕುಡಿದು ಊದಿಕೊಳ್ಳುತ್ತದೆ.

ಕೂರಿಸುವಾಗ ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆಗೆ. ತುಟಿಗೆ ಎಣ್ಣೆ ಸವರಿ. ಶಾಫ್ಟಿನಲ್ಲಿ ಕೀ (ಗೇರು, ಪುಲ್ಲಿ ಜಾರದಂತೆ ಹಿಡಿಯುವ ಉಕ್ಕಿನ ತುಂಡು) ಕೂರುವ ತೋಡಿಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಅದರ ಅಂಚು ತುಟಿಯನ್ನು ಹರಿಯುತ್ತದೆ. ಸುತ್ತಿಗೆಯಲ್ಲಿ ಒಂದೇ ಕಡೆ ಬಡಿಯಬೇಡಿ. ಸೀಲಿನ ಹೊರಗಿನ ಅಳತೆಯಷ್ಟೇ ಇರುವ ಪೈಪ್ ತುಂಡು ಇಟ್ಟು ಮೆಲ್ಲಗೆ ತಟ್ಟಿ.

ನಿಜ ಹೇಳಬೇಕೆಂದರೆ ಇದೆಲ್ಲಕ್ಕಿಂತ ಮೊದಲು ಗೇರ್ ಬಾಕ್ಸಿನ ಮೇಲಿರುವ ಬ್ರೀದರ್, ಅಂದರೆ ಒಳಗಿನ ಗಾಳಿ ಹೊರಹೋಗುವ ಕಿಂಡಿ, ನೋಡಬೇಕಿತ್ತು. ಮಳೆಗಾಲವಿಡೀ ನಿಂತ ಮೆಷಿನ್ನಿನಲ್ಲಿ ಕಣಜ ಅದಕ್ಕೆ ಮಣ್ಣು ಮೆತ್ತಿರುತ್ತದೆ. ಒಳಗಿನ ಬಿಸಿ ಗಾಳಿಗೆ ದಾರಿಯಿಲ್ಲದೆ ಎಣ್ಣೆ ಸೀಲಿನ ಕಡೆಗೆ ನುಗ್ಗುತ್ತದೆ. ಬ್ರೀದರ್ ಬಿಚ್ಚಿ ಹೊರಗೆ ತೊಳೆಯಿರಿ. ಅಲ್ಲೇ ತಂತಿ ತೂರಿಸಿದರೆ ಮಣ್ಣೆಲ್ಲ ಗೇರಿನ ಮೇಲೆ ಬೀಳುತ್ತದೆ.